ಏಜೆಂಟ್ ಕೈಗೆ ಫೈಲ್ ಕೊಡುವ ಮುನ್ನ: ಸರಿಸುವ ಟೂಲ್‌ಗೆ ವಿವರಣೆ ಬರೆಯುವ ಬಗೆ

ಊರಿನ ಒಂದು ಪುಟ್ಟ ಗ್ರಂಥಾಲಯಕ್ಕಾಗಿ ಯಕ್ಷಗಾನ ಪ್ರಸಂಗವೊಂದರ ಹಳೆಯ ಕೈಬರಹದ ಪುಸ್ತಕವನ್ನು ಸ್ಕ್ಯಾನ್ ಮಾಡುತ್ತಿದ್ದೆವು. ಒಟ್ಟು 48 ಪುಟ. ಮಸಿ ಹರಡಿದ ಹಾಳೆಗಳು, ಅಂಚು ಮುಟ್ಟಿದರೆ ಪುಡಿಯಾಗುವಂಥವು. ಒಂದೊಂದನ್ನೂ ಗಾಜಿನ ಮೇಲೆ ಇಳಿಸುವುದಕ್ಕೇ ಐದು ನಿಮಿಷ ಹಿಡಿಯುತ್ತಿತ್ತು. ಸ್ಕ್ಯಾನ್ ಆದ ಫೈಲ್‌ಗಳನ್ನು ಹೊಂದಿಸಿಡುವ ಕೆಲಸವನ್ನು ಒಂದು ಎಐ ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಹೆಜ್ಜೆಹೆಜ್ಜೆಯಾಗಿ ಮಾಡುವ ಭಾಷಾ ಮಾಡೆಲ್‌ಗೆ, ಒಪ್ಪಿಸಿದೆ. ಅದಕ್ಕೆಂದೇ ಫೈಲ್ ಸರಿಸುವ ಸಣ್ಣ ಟೂಲ್ ಒಂದನ್ನು, ಅಂದರೆ ಏಜೆಂಟ್ ಕರೆದು ಬಳಸುವ ಪುಟ್ಟ ಪ್ರೋಗ್ರಾಂ ಒಂದನ್ನು, ನಾನೇ ಬರೆದುಕೊಟ್ಟಿದ್ದೆ. ಪುಟಗಳನ್ನೆಲ್ಲ ‘ಶುದ್ಧ’ ಎಂಬ ಫೋಲ್ಡರ್‌ಗೆ ಹಾಕು ಎಂದೆ. ಏಜೆಂಟ್ 48 ಸಲ ಟೂಲನ್ನು ಕರೆಯಿತು. 48 ಸಲವೂ ‘ಸರಿಸಲಾಗಿದೆ’ ಎಂಬ ಉತ್ತರ ಬಂತು. ಹೋಗಿ ನೋಡಿದರೆ ‘ಶುದ್ಧ’ ಎಂಬ ಫೋಲ್ಡರೇ ಇಲ್ಲ. ಅದೇ ಹೆಸರಿನ ಒಂದೇ ಒಂದು ಫೈಲ್ ಇತ್ತು. ತೆರೆದೆ. ಮಂಗಳ ಪದದ ಪುಟ, ಅಂದರೆ 48ನೆಯದು.

ಆದದ್ದು ಇಷ್ಟು. ‘ಶುದ್ಧ’ ಎಂಬ ಫೋಲ್ಡರ್ ಇನ್ನೂ ಹುಟ್ಟಿರಲಿಲ್ಲ. ಹಾಗಾಗಿ ಮೊದಲ ಪುಟವನ್ನು ಅಲ್ಲಿಗೆ ‘ಸರಿಸು’ ಎಂದಾಗ ಟೂಲ್ ಆ ಪುಟದ ಹೆಸರನ್ನೇ ‘ಶುದ್ಧ’ ಎಂದು ಬದಲಾಯಿಸಿತು. ಎರಡನೆಯ ಪುಟ ಬಂದಾಗ ಅದೂ ‘ಶುದ್ಧ’ವಾಯಿತು, ಮೊದಲನೆಯದರ ಮೇಲೆ ಕೂತಿತು. ಹೀಗೆ ಒಂದರ ಮೇಲೊಂದು ಬಿದ್ದು 47 ಪುಟಗಳು ಅಳಿಸಿಹೋದವು. ಎಲ್ಲಿಯೂ ಒಂದು ದೋಷ ಸಂದೇಶ ಬರಲಿಲ್ಲ. ಮತ್ತೆ ಸ್ಕ್ಯಾನ್ ಮಾಡಬೇಕಾಯಿತು. ಎರಡನೆಯ ಸಲ ಗಾಜಿನ ಮೇಲೆ ಇಟ್ಟಾಗ ಮೂರು ಹಾಳೆಗಳ ಅಂಚು ಉದುರಿತು.

ಆ ಟೂಲ್‌ಗೆ ನಾನು ಬರೆದಿದ್ದ ವಿವರಣೆ ಒಂದೇ ಸಾಲಿನದು: ‘ಫೈಲನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸರಿಸುತ್ತದೆ.’ ಆ ಸಾಲಿನಲ್ಲಿ ಸುಳ್ಳಿಲ್ಲ. ಆದರೆ ಏಜೆಂಟ್‌ಗೆ ತಿಳಿಯಬೇಕಾಗಿದ್ದ ಯಾವ ಸಂಗತಿಯೂ ಅದರಲ್ಲಿ ಇರಲಿಲ್ಲ. ಇಂಥ ಟೂಲ್‌ಗೆ ವಿವರಣೆ ಬರೆಯುವುದು ಹೇಗೆ ಎಂಬುದನ್ನು ಅಲ್ಲಿಂದೀಚೆಗೆ ಕಲಿತದ್ದನ್ನೆಲ್ಲ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಓದುವವರು ಯಾರು ಎಂಬುದು ಮೊದಲು

ಆಂಥ್ರೊಪಿಕ್ ಸಂಸ್ಥೆ 2024ರ ನವೆಂಬರ್‌ನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಅನ್ನು, ಅಂದರೆ ಎಐ ಮಾಡೆಲ್‌ಗಳನ್ನು ಹೊರಗಿನ ಟೂಲ್‌ಗಳಿಗೆ ಜೋಡಿಸುವ ಒಂದು ಕ್ರಮವನ್ನು, ಹೊರತಂದಿತು. ಎಲ್ಲರೂ ಅದನ್ನು ಎಂಸಿಪಿ ಎಂದೇ ಕರೆಯುತ್ತಾರೆ. ಅದರ ಕ್ರಮದಲ್ಲಿ ಒಂದು ಟೂಲ್ ಎಂದರೆ ಮುಖ್ಯವಾಗಿ ಮೂರು ಸಂಗತಿ: ಒಂದು ಹೆಸರು, ಮಾತಿನಲ್ಲಿ ಬರೆದ ಒಂದು ವಿವರಣೆ, ಯಾವ ಯಾವ ಮಾಹಿತಿ ಕೊಡಬೇಕು ಎಂದು ಜೇಸನ್ ಸ್ಕೀಮಾ ಎಂಬ ನಮೂನೆಯಲ್ಲಿ ಹೇಳುವ ಒಂದು ಪಟ್ಟಿ. ಬೇರೆ ಚೌಕಟ್ಟುಗಳಲ್ಲಿಯೂ ಹೆಚ್ಚುಕಡಿಮೆ ಇದೇ ರೀತಿ. ಭಾಷಾ ಮಾಡೆಲ್‌ಗೆ ಕಾಣುವುದು ಇಷ್ಟೇ. ಒಳಗಿನ ಕೋಡ್ ಅದಕ್ಕೆ ಕಾಣುವುದಿಲ್ಲ. ನೀವು ಪ್ರತ್ಯೇಕವಾಗಿ ಬರೆದಿಟ್ಟ ಕೈಪಿಡಿಯನ್ನು ಅದರ ಮುಂದೆ ಇಡದಿದ್ದರೆ ಅದೂ ಕಾಣುವುದಿಲ್ಲ.

ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಮಾಡೆಲ್ ಖಾಲಿ ತಲೆಯಲ್ಲಿ ಬರುವುದಿಲ್ಲ. ಯುನಿಕ್ಸ್‌ನಲ್ಲಿ ಫೈಲ್ ಸರಿಸುವ ‘ಎಂವಿ’ (mv) ಆದೇಶವನ್ನು ಬಳಸಿದ ಉದಾಹರಣೆಗಳನ್ನು ಅದು ಎಣಿಸಲಾರದಷ್ಟು ಓದಿರುತ್ತದೆ. ಆದ್ದರಿಂದ ನಿಮ್ಮ ಟೂಲೂ ಎಂವಿಯಂತೆಯೇ ನಡೆದುಕೊಳ್ಳುತ್ತದೆ ಎಂದು ನಂಬಿಯೇ ಕೆಲಸ ಶುರುಮಾಡುತ್ತದೆ. ಎಂವಿಗೆ ಈಗಾಗಲೇ ಇರುವ ಫೋಲ್ಡರ್‌ನ ಹೆಸರು ಕೊಟ್ಟರೆ ಫೈಲ್ ಅದರ ಒಳಗೆ ಹೋಗಿ ಕೂರುತ್ತದೆ. ನಕ್ಷತ್ರ ಚಿಹ್ನೆ (*) ಹಾಕಿದರೆ ಶೆಲ್, ಅಂದರೆ ನಾವು ಆದೇಶ ಟೈಪ್ ಮಾಡುವ ಪ್ರೋಗ್ರಾಂ, ಅದನ್ನು ಹತ್ತಾರು ಫೈಲ್‌ಗಳ ಹೆಸರಾಗಿ ಬಿಡಿಸಿಕೊಡುತ್ತದೆ. ನಿಮ್ಮ ಟೂಲ್ ಇವೆರಡನ್ನೂ ಮಾಡದೇ ಇರಬಹುದು. ನನ್ನ ಅನುಭವದಲ್ಲಿ ಒಳ್ಳೆಯ ವಿವರಣೆಯ ಅರ್ಧ ಭಾಗ ಇದೇ: ನಮ್ಮ ಟೂಲ್ ಎಂವಿಗಿಂತ ಎಲ್ಲೆಲ್ಲಿ ಬೇರೆ ಎಂದು ಬಾಯಿಬಿಟ್ಟು ಹೇಳುವುದು.

ಬರೆಯುವ ಮೊದಲು ಟೂಲನ್ನು ಕೆಣಕಿ ನೋಡಿ

ಕೋಡ್ ಓದಿ ವಿವರಣೆ ಬರೆಯಬೇಡಿ. ಒಂದು ಖಾಲಿ ಫೋಲ್ಡರ್ ಮಾಡಿಕೊಳ್ಳಿ, ಅದರಲ್ಲಿ ಕೆಲಸಕ್ಕೆ ಬಾರದ ನಾಲ್ಕಾರು ಫೈಲ್‌ಗಳನ್ನು ಹಾಕಿ, ಟೂಲನ್ನು ಕೈಯಾರೆ ಓಡಿಸಿ. ಹೋಗಬೇಕಾದ ಜಾಗದಲ್ಲಿ ಆಗಲೇ ಒಂದು ಫೈಲ್ ಇದ್ದರೆ ಏನಾಗುತ್ತದೆ? ಫೈಲ್ ಬದಲು ಫೋಲ್ಡರ್ ಇದ್ದರೆ? ನಡುವಿನ ಫೋಲ್ಡರ್ ಇಲ್ಲದಿದ್ದರೆ? ಒಂದು ಫೋಲ್ಡರನ್ನು ಅದರದೇ ಒಳಗಿನ ಫೋಲ್ಡರ್‌ಗೆ ಸರಿಸಲು ಹೋದರೆ? ಬೇರೆ ಡಿಸ್ಕ್‌ಗೆ ಕಳಿಸಿದರೆ? ಪ್ರತಿಯೊಂದಕ್ಕೂ ಬಂದ ಉತ್ತರವನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ.

ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ‘ಸರಿಸು’ ಎಂಬ ಒಂದೇ ಮಾತಿನ ಕೆಳಗೆ ಒಂದೊಂದು ಪ್ರೋಗ್ರಾಮಿಂಗ್ ಭಾಷೆ ಒಂದೊಂದು ರೀತಿ ನಡೆದುಕೊಳ್ಳುತ್ತದೆ. ಪೈಥಾನ್‌ನ ಓಎಸ್ ಮಾಡ್ಯೂಲ್‌ನಲ್ಲಿರುವ ‘ರಿನೇಮ್’ ಲಿನಕ್ಸ್‌ನಲ್ಲಿ ಹಳೆಯ ಫೈಲನ್ನು ಸದ್ದಿಲ್ಲದೆ ಅಳಿಸಿ ಹೊಸದನ್ನು ಇಡುತ್ತದೆ. ಅದೇ ಸಾಲು ವಿಂಡೋಸ್‌ನಲ್ಲಿ ಓಡಿದರೆ ‘ಫೈಲ್ ಈಗಾಗಲೇ ಇದೆ’ ಎಂದು ನಿಲ್ಲುತ್ತದೆ. ಪೈಥಾನ್‌ನದೇ ಶುಟಿಲ್ ಮಾಡ್ಯೂಲ್‌ನ ‘ಮೂವ್’ಗೆ ಇರುವ ಫೋಲ್ಡರ್‌ನ ಹೆಸರು ಕೊಟ್ಟರೆ ಫೈಲ್ ಒಳಗೆ ಹೋಗುತ್ತದೆ, ಇಲ್ಲದ ಫೋಲ್ಡರ್‌ನ ಹೆಸರು ಕೊಟ್ಟರೆ ಫೈಲ್‌ನ ಹೆಸರು ಅದಾಗುತ್ತದೆ. ನೋಡ್ ಜೆಎಸ್‌ನ ‘ರಿನೇಮ್’ ಇದ್ದ ಫೈಲಿನ ಮೇಲೆ ಬರೆದುಬಿಡುತ್ತದೆ, ಆದರೆ ಆ ಜಾಗದಲ್ಲಿ ಫೋಲ್ಡರ್ ಇದ್ದರೆ ದೋಷ ಎನ್ನುತ್ತದೆ. ನಿಮ್ಮ ಟೂಲ್ ಇವುಗಳಲ್ಲಿ ಯಾವುದರ ಮೇಲೆ ಕೂತಿದೆಯೋ ಅದರ ಗುಣವೇ ಅದಕ್ಕೂ ಬಂದಿರುತ್ತದೆ.

ಲಿನಕ್ಸ್‌ನಲ್ಲಿ ನನ್ನನ್ನು ಬೆಚ್ಚಿಬೀಳಿಸಿದ ಎರಡು ಸಂಗತಿಗಳಿವೆ. ಒಂದು, ಫೈಲಿಗೆ ‘ಓದಲು ಮಾತ್ರ’ ಎಂಬ ಅನುಮತಿ ಇಟ್ಟರೆ ಅದು ಕ್ಷೇಮ ಎಂದುಕೊಂಡಿದ್ದೆ. ಸರಿಸುವಾಗ ಬೇಕಾಗುವುದು ಫೋಲ್ಡರ್‌ಗೆ ಬರೆಯುವ ಅನುಮತಿ. ಫೈಲಿನ ಅನುಮತಿಯನ್ನು ಯಾರೂ ಕೇಳುವುದಿಲ್ಲ, ಅದನ್ನು ಎತ್ತಿಕೊಂಡು ಹೋಗಬಹುದು, ಅದರ ಮೇಲೆ ಇನ್ನೊಂದನ್ನು ತಂದು ಇಡಲೂಬಹುದು. ಎರಡು, ಫೋಲ್ಡರನ್ನು ಸರಿಸುವಾಗ ಹೋಗುವ ಜಾಗದಲ್ಲಿ ಅದೇ ಹೆಸರಿನ ಖಾಲಿ ಫೋಲ್ಡರ್ ಇದ್ದರೆ ಕೆಲಸ ಸದ್ದಿಲ್ಲದೆ ನಡೆದುಹೋಗುತ್ತದೆ, ಒಳಗೆ ಏನಾದರೂ ಇದ್ದರೆ ಮಾತ್ರ ನಿಲ್ಲುತ್ತದೆ.

ಹೆಸರು ಮತ್ತು ಎರಡು ಪ್ಯಾರಾಮೀಟರ್

ಇದರಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಹೆಸರಿನಲ್ಲಿ ಕ್ರಿಯಾಪದ ಮತ್ತು ವಸ್ತು ಇರಲಿ: ‘ಮೂವ್ ಫೈಲ್’ ಸಾಕು. ‘ಫೈಲ್ ಮ್ಯಾನೇಜರ್’, ‘ಹ್ಯಾಂಡಲ್ ಫೈಲ್’ ಮುಂತಾದ ಹೆಸರುಗಳು ಏನನ್ನೂ ಹೇಳುವುದಿಲ್ಲ. ಪಕ್ಕದಲ್ಲಿ ನಕಲು ಮಾಡುವ ಟೂಲ್, ಅಳಿಸುವ ಟೂಲ್ ಇದ್ದರೆ ಅವುಗಳ ಹೆಸರೂ ಇದೇ ಧಾಟಿಯಲ್ಲಿ ಇರಲಿ.

ಪ್ಯಾರಾಮೀಟರ್‌ಗಳು, ಅಂದರೆ ಕರೆಯುವಾಗ ಟೂಲ್‌ಗೆ ಕೊಡಬೇಕಾದ ಮಾಹಿತಿಗಳು, ಎರಡು: ಎಲ್ಲಿಂದ, ಎಲ್ಲಿಗೆ. ‘ಎಲ್ಲಿಂದ’ ಎಂಬುದರಲ್ಲಿ ಗೊಂದಲ ಕಡಿಮೆ. ‘ಎಲ್ಲಿಗೆ’ ಎಂಬುದೇ ಎಲ್ಲ ಅನಾಹುತದ ಬಾಗಿಲು. ಅಲ್ಲಿ ಕೊಡಬೇಕಾದದ್ದು ಫೋಲ್ಡರ್‌ನ ಹೆಸರೋ, ಫೈಲಿನ ಹೊಸ ಹೆಸರೂ ಸೇರಿದ ಪೂರ್ತಿ ಪಾಥೋ, ಅಂದರೆ ಪೂರ್ತಿ ವಿಳಾಸವೋ? ಇದನ್ನು ಟೂಲಿನ ವಿವರಣೆಯಲ್ಲಿ ಒಮ್ಮೆ, ಆ ಪ್ಯಾರಾಮೀಟರ್‌ನ ಪಕ್ಕದಲ್ಲಿ ಇನ್ನೊಮ್ಮೆ ಹೇಳಿ. ಮಾಡೆಲ್ ಪ್ಯಾರಾಮೀಟರ್ ತುಂಬುವ ಕ್ಷಣದಲ್ಲಿ ಅದರ ಪಕ್ಕದಲ್ಲಿರುವ ಸಾಲು ಬಹಳ ಉಪಕಾರಿ. ಒಂದು ಉದಾಹರಣೆಯನ್ನೂ ಕೊಡಿ:

‘ಎಲ್ಲಿಗೆ: ಫೈಲಿನ ಹೆಸರೂ ಸೇರಿದ ಪೂರ್ತಿ ಪಾಥ್. ಸರಿ: /ಪ್ರಸಂಗ/ಶುದ್ಧ/ಪುಟ-01.ಟಿಫ್. ತಪ್ಪು: /ಪ್ರಸಂಗ/ಶುದ್ಧ.’

ತಪ್ಪು ಉದಾಹರಣೆಯನ್ನು ಕೊಡಬೇಕೇ ಬೇಡವೇ ಎಂದು ಕೆಲವರು ಅನುಮಾನಿಸುತ್ತಾರೆ. ಇಲ್ಲಿ ಮಾತ್ರ ಕೊಡಲೇಬೇಕು ಎಂಬುದು ನನ್ನ ಅಭಿಪ್ರಾಯ, ಯಾಕೆಂದರೆ ಎಂವಿಯ ಅಭ್ಯಾಸ ಮಾಡೆಲನ್ನು ಸೀದಾ ಆ ತಪ್ಪಿಗೇ ಎಳೆಯುತ್ತದೆ.

ಪಾಥ್ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನೂ ಹೇಳಿ. ಬೇರಿನಿಂದ, ಅಂದರೆ ಎಲ್ಲಕ್ಕಿಂತ ಮೇಲಿನ ಫೋಲ್ಡರಿನಿಂದ ಹಿಡಿದು ಪೂರ್ತಿ ಬರೆಯಬೇಕೇ, ಕೆಲಸದ ಫೋಲ್ಡರಿನಿಂದ ಮುಂದಕ್ಕೆ ಬರೆದರೆ ಸಾಕೇ? ಮನೆ ಫೋಲ್ಡರ್‌ಗೆ ಬಳಸುವ ಅಲೆಗೆರೆ ಚಿಹ್ನೆಯನ್ನು (~) ಶೆಲ್ ಬಿಡಿಸಿಕೊಡುತ್ತದೆಯೇ ಹೊರತು ನಿಮ್ಮ ಟೂಲ್ ಅಲ್ಲ. ನಕ್ಷತ್ರ ಚಿಹ್ನೆಯೂ ಹಾಗೆಯೇ. ‘ಒಂದು ಕರೆಗೆ ಒಂದೇ ಫೈಲ್, ನಕ್ಷತ್ರ ಚಿಹ್ನೆ ಮತ್ತು ಅಲೆಗೆರೆ ನಡೆಯುವುದಿಲ್ಲ’ ಎಂದು ಬರೆದರೆ ಹತ್ತು ವ್ಯರ್ಥ ಕರೆಗಳು ತಪ್ಪುತ್ತವೆ.

ಹೋಗುವ ಜಾಗ ಖಾಲಿ ಇಲ್ಲದಿದ್ದರೆ

ಬರವಣಿಗೆಯ ಶ್ರಮವೆಲ್ಲ ಇಲ್ಲಿ ಸುರಿಯಬೇಕು. ಅಡಿಗೆಮನೆಗೆ ಹೊಸದಾಗಿ ಬಂದವರಿಗೆ ಬೇಳೆಯನ್ನು ಆ ಡಬ್ಬಕ್ಕೆ ಹಾಕಿ ಎಂದರೆ ಅವರು ಮುಚ್ಚಳ ತೆಗೆದು ಒಳಗೆ ನೋಡುತ್ತಾರೆ. ಸಕ್ಕರೆ ಇದ್ದರೆ ಕೇಳುತ್ತಾರೆ. ಟೂಲ್ ಮುಚ್ಚಳ ತೆಗೆದು ನೋಡುತ್ತದೆಯೋ ಇಲ್ಲವೋ ಎಂಬುದು ಏಜೆಂಟ್‌ಗೆ ನಿಮ್ಮ ವಿವರಣೆಯಿಂದಲೇ ತಿಳಿಯಬೇಕು.

ಮೂರು ದಾರಿಗಳಿವೆ: ನಿಲ್ಲುವುದು, ಮೇಲೆ ಬರೆಯುವುದು, ಹೆಸರಿನ ಮುಂದೆ ಸಂಖ್ಯೆ ಸೇರಿಸಿ ಬೇರೆ ಫೈಲ್ ಮಾಡುವುದು. ಏಜೆಂಟ್‌ಗಳಿಗೆ ಕೊಡುವ ಟೂಲ್ ನಿಲ್ಲಲೇಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಮೇಲೆ ಬರೆದರೆ ಕಳೆದದ್ದು ತಿರುಗಿ ಬರುವುದಿಲ್ಲ. ಸಂಖ್ಯೆ ಸೇರಿಸುವುದು ಸೌಮ್ಯವಾಗಿ ಕಾಣುತ್ತದೆ, ಆದರೆ ಏಜೆಂಟ್ ತನ್ನ ಮುಂದಿನ ಹೆಜ್ಜೆಯಲ್ಲಿ ತಾನು ಕೇಳಿದ ಹೆಸರನ್ನೇ ತೆರೆಯುತ್ತದೆ. ಅಲ್ಲಿರುವುದು ಹಳೆಯ ಫೈಲ್. ಎಂಸಿಪಿಯ ಜೊತೆಗೇ ಮಾದರಿಯಾಗಿ ಕೊಟ್ಟಿರುವ ಫೈಲ್‌ಸಿಸ್ಟಮ್ ಸರ್ವರ್‌ನ ಕೈಪಿಡಿಯೂ ‘ಹೋಗುವ ಜಾಗದಲ್ಲಿ ಏನಾದರೂ ಇದ್ದರೆ ಕೆಲಸ ವಿಫಲವಾಗುತ್ತದೆ’ ಎಂಬ ದಾರಿಯನ್ನೇ ಹೇಳುತ್ತದೆ.

ವಿವರಣೆಯಲ್ಲಿ ‘ನಿಲ್ಲುತ್ತದೆ’ ಎಂದು ಬರೆದ ಮೇಲೆ ಅದು ನಿಜವಾಗಿಯೂ ನಿಲ್ಲುತ್ತದೆಯೇ ಎಂದು ಓಡಿಸಿ ನೋಡಿ. ವಿವರಣೆ ಒಂದು ಹೇಳಿ ಕೆಳಗಿನ ರಿನೇಮ್ ಇನ್ನೊಂದು ಮಾಡುವುದು ವಿವರಣೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಏಜೆಂಟ್ ನಿಮ್ಮ ಮಾತನ್ನು ನಂಬಿ, ತಾನಾಗಿ ನೋಡಬೇಕಾಗಿದ್ದ ಜಾಗವನ್ನೂ ನೋಡದೆ ಮುಂದೆ ಹೋಗಿರುತ್ತದೆ. ಕೋಡ್ ಬರೆಯುವವರಿಗೆ ಒಂದು ಮಾತು: ಮೊದಲು ‘ಇದೆಯೇ’ ಎಂದು ನೋಡಿ ಆಮೇಲೆ ಸರಿಸಿದರೆ ಆ ಎರಡರ ನಡುವೆ ಒಂದು ಸಣ್ಣ ಬಿರುಕು ಉಳಿಯುತ್ತದೆ, ಎರಡು ಏಜೆಂಟ್‌ಗಳು ಒಟ್ಟಿಗೆ ಓಡುತ್ತಿದ್ದರೆ ಅದರಲ್ಲಿ ಫೈಲ್ ಬೀಳುತ್ತದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ 2014ರ 3.15ನೆಯ ಆವೃತ್ತಿಯಿಂದ ‘ರಿನೇಮ್‌ಎಟ್2’ ಎಂಬ ಕರೆ ಇದೆ. ಅದಕ್ಕೆ ‘ನೋರಿಪ್ಲೇಸ್’ ಎಂಬ ಸೂಚನೆ ಕೊಟ್ಟರೆ ನೋಡುವುದು, ಸರಿಸುವುದು ಎರಡೂ ಒಂದೇ ಏಟಿಗೆ ಆಗುತ್ತವೆ.

ಒಂದು ಚಿಕ್ಕ ತೊಡಕನ್ನು ಇಲ್ಲೇ ಹೇಳಿಬಿಡುತ್ತೇನೆ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತಾರೆ. ಕ್ಯಾಮೆರಾ ದೊಡ್ಡಕ್ಷರದಲ್ಲಿ ಕೊಟ್ಟ ‘ಜೆಪಿಜಿ’ ಎಂಬ ಬಾಲವನ್ನು ಏಜೆಂಟ್ ಚಿಕ್ಕಕ್ಷರಕ್ಕೆ ಬದಲಾಯಿಸಲು ಹೋದರೆ ‘ಈಗಾಗಲೇ ಇದೆ’ ಎಂಬ ಉತ್ತರ ಬರಬಹುದು. ಅಲ್ಲಿ ಇರುವುದು ಅದೇ ಫೈಲ್! ನಿಮ್ಮ ಟೂಲ್ ಇದನ್ನು ಗುರುತಿಸದಿದ್ದರೆ ಒಂದು ಸಾಲು ಬರೆಯಿರಿ.

ದೋಷ ಸಂದೇಶವೂ ದಾಖಲೆಯೇ

ವಿವರಣೆಯನ್ನು ಮಾಡೆಲ್ ಕೆಲಸದ ಮೊದಲು ಓದುತ್ತದೆ. ದೋಷ ಸಂದೇಶವನ್ನು ಓದುವುದು ಎಡವಿದ ಕ್ಷಣದಲ್ಲಿ. ಆಗ ಅದರ ಗಮನವೆಲ್ಲ ಆ ಒಂದು ಸಾಲಿನ ಮೇಲೆ ಇರುತ್ತದೆ. ಹಾಗಾಗಿ ದೋಷ ಸಂದೇಶವನ್ನು ಬರೆಯುವವರೂ ವಿವರಣೆ ಬರೆಯುವವರೇ ಆಗಿರಬೇಕು.

ಒಂದನ್ನು ಹತ್ತಿರದಿಂದ ನೋಡೋಣ. ಯುನಿಕ್ಸ್‌ನಲ್ಲಿ ‘ಎನೋಎಂಟ್’ ಎಂಬ ದೋಷವಿದೆ. ಅಂಥ ಫೈಲ್ ಅಥವಾ ಫೋಲ್ಡರ್ ಇಲ್ಲ ಎಂದು ಅದರ ಅರ್ಥ. ಸರಿಸುವಾಗ ಇದು ಎರಡು ಸಂದರ್ಭಗಳಲ್ಲಿ ಬರುತ್ತದೆ. ಎತ್ತಿಕೊಳ್ಳಬೇಕಾದ ಫೈಲ್ ಇಲ್ಲದಿದ್ದಾಗ ಬರುತ್ತದೆ. ಫೈಲ್ ಇದ್ದು, ಹೋಗುವ ಜಾಗದ ಫೋಲ್ಡರ್ ಇಲ್ಲದಿದ್ದಾಗಲೂ ಅದೇ ಬರುತ್ತದೆ. ಈ ದೋಷವನ್ನು ಹಾಗೆಯೇ ದಾಟಿಸಿದರೆ ಮಾಡೆಲ್ ಬಹುಪಾಲು ಮೊದಲನೆಯ ಅರ್ಥವನ್ನೇ ಹಿಡಿಯುತ್ತದೆ. ಇರುವ ಫೈಲನ್ನು ಇಲ್ಲ ಎಂದುಕೊಂಡು ಊರೆಲ್ಲ ಹುಡುಕುತ್ತದೆ. ಒಮ್ಮೆ ನನ್ನ ಕಣ್ಣೆದುರೇ ಏಜೆಂಟ್ ಒಂದು ಫೈಲ್ ಕಳೆದುಹೋಗಿದೆ ಎಂದು ತೀರ್ಮಾನಿಸಿ, ಅದೇ ಹೆಸರಿನಲ್ಲಿ ಹೊಸ ಖಾಲಿ ಫೈಲ್ ಸೃಷ್ಟಿಸಲು ಹೊರಟಿತ್ತು.

ಎರಡನ್ನೂ ಬೇರೆ ಮಾಡಿ, ಹೀಗೆ:

‘ಸರಿಸಲಿಲ್ಲ. /ಪ್ರಸಂಗ/ಕಚ್ಚಾ/ಪುಟ-07.ಟಿಫ್ ಸಿಗಲಿಲ್ಲ. ಆ ಫೋಲ್ಡರ್‌ನ ಪಟ್ಟಿ ನೋಡಿ, ಹೆಸರು ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ.’

‘ಸರಿಸಲಿಲ್ಲ. ಫೈಲ್ ತನ್ನ ಜಾಗದಲ್ಲೇ ಇದೆ. /ಪ್ರಸಂಗ/ಶುದ್ಧ ಎಂಬ ಫೋಲ್ಡರ್ ಇಲ್ಲ. ಮೊದಲು ಅದನ್ನು ಸೃಷ್ಟಿಸಿ, ನಂತರ ಮತ್ತೆ ಕರೆಯಿರಿ.’

ಪ್ರತಿ ಸಂದೇಶದಲ್ಲಿಯೂ ಮೂರು ವಿಷಯ ಇರಬೇಕು ಎಂದು ನಾನು ನಿಯಮ ಹಾಕಿಕೊಂಡಿದ್ದೇನೆ. ಕೆಲಸ ಆಯಿತೇ ಇಲ್ಲವೇ, ಫೈಲ್ ಈಗ ಎಲ್ಲಿದೆ, ಮುಂದಿನ ಹೆಜ್ಜೆ ಏನು. ‘ಫೈಲ್ ತನ್ನ ಜಾಗದಲ್ಲೇ ಇದೆ’ ಎಂಬ ಮಾತನ್ನು ಸೇರಿಸಿದ ಮೇಲೆ ಏಜೆಂಟ್‌ನ ಗಾಬರಿಯ ಓಡಾಟ ನಿಂತುಹೋಯಿತು. ಎಂಸಿಪಿಯಲ್ಲಿ ಉತ್ತರದ ಜೊತೆ ‘ಈಸ್ ಎರರ್’ ಎಂಬ ಗುರುತನ್ನು ಹಾಕುವ ಅನುಕೂಲವಿದೆ. ಅದನ್ನು ಬಳಸಿ. ಸೋತ ಕೆಲಸಕ್ಕೆ ಗೆದ್ದದ್ದರಂತೆ ಕಾಣುವ ಉತ್ತರ ಹೋಗಬಾರದು.

‘ಈಗಾಗಲೇ ಇದೆ’ ಎಂಬ ದೋಷಕ್ಕೆ ಇನ್ನೂ ಎಚ್ಚರ ಬೇಕು. ‘ಆ ಫೈಲನ್ನು ಅಳಿಸಿ ಮತ್ತೆ ಪ್ರಯತ್ನಿಸಿ’ ಎಂದು ಬರೆದರೆ ಏಜೆಂಟ್ ಅಳಿಸಿಯೇ ಬಿಡುತ್ತದೆ. ನೀವು ಬರೆದದ್ದು ಸಲಹೆಯೆಂದು ನಿಮಗೆ ಅನ್ನಿಸಬಹುದು, ಏಜೆಂಟ್ ಅದನ್ನು ಆಜ್ಞೆಯೆಂದು ಓದುತ್ತದೆ. ಅಲ್ಲಿರುವ ಫೈಲಿನ ಗಾತ್ರ, ಬದಲಾದ ದಿನಾಂಕಗಳನ್ನು ಕೊಟ್ಟು, ‘ಬೇರೆ ಹೆಸರು ಕೊಡಿ ಅಥವಾ ಬಳಕೆದಾರರನ್ನು ಕೇಳಿ’ ಎಂದು ನಿಲ್ಲಿಸಿ.

ಬೇರೆ ಡಿಸ್ಕ್‌ಗೆ ಹೋಗುವಾಗ

ಒಂದೇ ಡಿಸ್ಕ್ ವಿಭಾಗದ ಒಳಗೆ ಸರಿಸುವುದೆಂದರೆ ಹೆಸರಿನ ನಮೂದು ಬದಲಾಗುವುದಷ್ಟೇ. ಎರಡು ಜಿಬಿಯ ಫೈಲಾದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಪೆನ್‌ಡ್ರೈವ್‌ಗೋ ಬೇರೆ ವಿಭಾಗಕ್ಕೋ ಹೋಗುವಾಗ ರಿನೇಮ್ ಕರೆ ‘ಎಕ್ಸ್‌ಡೆವ್’ ಎಂಬ ದೋಷ ಕೊಟ್ಟು ಕೈಚೆಲ್ಲುತ್ತದೆ. ಕೆಲವು ಟೂಲ್‌ಗಳು ಆಗ ನಕಲು ಮಾಡಿ ಮೂಲವನ್ನು ಅಳಿಸುತ್ತವೆ. ನಡುವೆ ವಿದ್ಯುತ್ ಹೋದರೆ ಅರ್ಧ ನಕಲು ಉಳಿಯಬಹುದು. ನಿಮ್ಮ ಟೂಲ್ ಯಾವುದನ್ನು ಮಾಡುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಿ, ಯಶಸ್ಸಿನ ಉತ್ತರದಲ್ಲಿಯೂ ‘ನಕಲು ಮಾಡಿ ಸರಿಸಲಾಯಿತು’ ಎಂದು ತಿಳಿಸಿ. ಡಾಕರ್ ಕಂಟೈನರ್ ಒಳಗೆ, ಅಂದರೆ ಪ್ರೋಗ್ರಾಂಗಳನ್ನು ಬೇರೆಯಾಗಿಟ್ಟು ಓಡಿಸುವ ಡಬ್ಬಿಯಂಥ ವ್ಯವಸ್ಥೆಯ ಒಳಗೆ, ಏಜೆಂಟ್ ಓಡಿಸುವವರಿಗೆ ಇದು ಬೇಗ ಎದುರಾಗುತ್ತದೆ. ಹೊರಗಿನಿಂದ ಜೋಡಿಸಿದ ಫೋಲ್ಡರ್, ಒಳಗಿನ ತಾತ್ಕಾಲಿಕ ಫೋಲ್ಡರ್ ಎರಡೂ ಪಕ್ಕಪಕ್ಕದಲ್ಲೇ ಕಂಡರೂ ಬೇರೆ ಬೇರೆ ವಿಭಾಗಗಳಾಗಿರುತ್ತವೆ.

ಕನ್ನಡದ ಹೆಸರುಗಳು

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಈ ಭಾಗ ಬಹಳ ಮುಖ್ಯ. ನಮ್ಮ ಪ್ರಸಂಗದ ಫೋಲ್ಡರ್‌ಗಳಲ್ಲಿ ‘ವೇಷ’ ಎಂಬ ಹೆಸರಿನದು ಒಂದಿತ್ತು. ಏಜೆಂಟ್ ‘ವೇಷ’ಕ್ಕೆ ಸರಿಸಲು ಹೋದರೆ ಅಂಥ ಫೋಲ್ಡರ್ ಇಲ್ಲ ಎಂಬ ಉತ್ತರ. ಪರದೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೂ ವ್ಯತ್ಯಾಸ ಇಲ್ಲ.

ಚಿಕ್ಕಂದಿನಲ್ಲಿ ಕಾಗುಣಿತ ಕಲಿಯುವಾಗ ‘ವ’ಕಾರಕ್ಕೆ ಏತ್ವ ಕೊಟ್ಟರೆ ‘ವೇ’ ಎಂದು ಹೇಳುತ್ತಿದ್ದೆವು. ಬರೆಯುವಾಗ ಮಾತ್ರ ಎತ್ವ ಹಾಕಿ ಮುಂದೆ ದೀರ್ಘ ಎಳೆಯುತ್ತಿದ್ದೆವು. ಯೂನಿಕೋಡ್‌ನಲ್ಲಿಯೂ ಎರಡೂ ದಾರಿಗಳಿವೆ. ಏತ್ವ ಒಂದೇ ಚಿಹ್ನೆಯಾಗಿ ಇರಬಹುದು, ಎತ್ವ ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿಯೂ ಇರಬಹುದು. ಮೊದಲ ರೂಪದಲ್ಲಿ ‘ವೇಷ’ ಮೂರು ಸಂಕೇತ, ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ 9 ಬೈಟ್. ಎರಡನೆಯದರಲ್ಲಿ ನಾಲ್ಕು ಸಂಕೇತ, 12 ಬೈಟ್. ಓತ್ವ ಬಿಡಿಸಿದರೆ ಎತ್ವ, ಕೊಂಬಿನಿಳಿ, ದೀರ್ಘ ಎಂದು ಮೂರಾಗುತ್ತದೆ. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಲಿನಕ್ಸ್‌ಗೆ ಸಾಮಾನ್ಯವಾಗಿ ಬೈಟ್ ಬೇರೆ ಎಂದರೆ ಹೆಸರೇ ಬೇರೆ. ಹಾಗಾಗಿ ಹಳೆಯ ಮ್ಯಾಕ್‌ನಿಂದ ಬಂದ ಫೈಲ್‌ಗಳನ್ನು ಲಿನಕ್ಸ್‌ನಲ್ಲಿ ಇಟ್ಟುಕೊಂಡವರಿಗೆ ಕಣ್ಣಿಗೆ ಒಂದೇ ಕಾಣುವ ಎರಡು ಫೋಲ್ಡರ್‌ಗಳು ಸಿಗುತ್ತವೆ.

ಇನ್ನೊಂದು, ಕಣ್ಣಿಗೆ ಕಾಣದ ಜೋಡಣೆತಡೆ ಚಿಹ್ನೆ. ‘ಸ್ಕ್ಯಾನ್‌ಗಳು’ ಎಂಬಲ್ಲಿ ಅರ್ಧ ‘ನ’ಕಾರದ ಕೆಳಗೆ ‘ಗ’ ಒತ್ತಾಗಿ ಬೀಳದಂತೆ ತಡೆಯುವುದು ಅದೇ. ಪದದ ಕೊನೆಯಲ್ಲಿ ಅದು ಉಳಿದುಕೊಂಡರೆ ತೋರಿಕೆಯಲ್ಲಿ ಏನೂ ಬದಲಾಗುವುದಿಲ್ಲ, ಹೆಸರು ಮಾತ್ರ ಬೇರೆಯಾಗಿರುತ್ತದೆ.

ಉದ್ದದ ಮಿತಿಯೂ ನಮಗೆ ಬಿಗಿ. ಲಿನಕ್ಸ್‌ನ ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್ ಅವಕಾಶ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ 85 ಸಂಕೇತಗಳಿಗೆ ಮಿತಿ ಮುಗಿಯುತ್ತದೆ. ‘ಕನ್ನಡ’ ಎಂಬ ಮೂರಕ್ಷರದ ಪದವೇ ಐದು ಸಂಕೇತ, 15 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಲೆಕ್ಕ ಬೇರೆ. ಅಲ್ಲಿ 255 ಕನ್ನಡ ಸಂಕೇತಗಳೂ ಹಿಡಿಯುತ್ತವೆ. ಅಲ್ಲಿ ಚೆನ್ನಾಗಿದ್ದ ಉದ್ದನೆಯ ಹೆಸರು ಲಿನಕ್ಸ್‌ಗೆ ಸರಿಸುವಾಗ ಮುರಿಯುವುದು ಇದಕ್ಕೇ.

ವಿವರಣೆಯಲ್ಲಿ ಇಷ್ಟೆಲ್ಲ ಪಾಠ ಬೇಡ. ಒಂದು ಸಾಲು ಸಾಕು: ‘ಹೆಸರನ್ನು ಪಟ್ಟಿ ಟೂಲ್ ಕೊಟ್ಟಂತೆಯೇ ಬಳಸಿ, ನೆನಪಿನಿಂದ ಬರೆಯಬೇಡಿ.’ ಫೈಲ್ ಸಿಗದಿದ್ದಾಗ ಟೂಲ್ ಎರಡೂ ರೂಪಗಳನ್ನು ಒಂದಕ್ಕೆ ತಂದು ಹೋಲಿಸಿ, ‘ತೋರಿಕೆಯಲ್ಲಿ ಇದೇ ಹೆಸರಿನ ಇನ್ನೊಂದು ಇದೆ’ ಎಂದು ಹೇಳುವಂತಿದ್ದರೆ ಇನ್ನೂ ಒಳ್ಳೆಯದು.

ಎರಡನೆಯ ಸಲ ಕರೆದರೆ

ಉತ್ತರ ಬರುವ ಮೊದಲೇ ಸಂಪರ್ಕ ಕಡಿದರೆ ಏಜೆಂಟ್ ಅದೇ ಕರೆಯನ್ನು ಮತ್ತೆ ಮಾಡುತ್ತದೆ. ಮೊದಲ ಕರೆ ಒಳಗೊಳಗೇ ಗೆದ್ದಿದ್ದರೆ ಎರಡನೆಯದಕ್ಕೆ ‘ಫೈಲ್ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ. ಹಾಗಾಗಿ ‘ಎಲ್ಲಿಂದ’ ಜಾಗ ಖಾಲಿ ಇದ್ದು ‘ಎಲ್ಲಿಗೆ’ ಜಾಗದಲ್ಲಿ ಫೈಲ್ ಇದ್ದರೆ, ಹಿಂದಿನ ಕರೆಯೇ ಸಫಲವಾಗಿರಬಹುದು ಎಂದು ವಿವರಣೆಯಲ್ಲಿ ತಿಳಿಸಿ. ಎಂಸಿಪಿಯ 2025ರ ಮಾರ್ಚ್ ಆವೃತ್ತಿಯಿಂದ ಟೂಲ್‌ಗಳ ಜೊತೆ ಸೂಚನೆಗಳನ್ನು ಅಂಟಿಸಬಹುದು: ಓದುವುದಷ್ಟೇ ಮಾಡುತ್ತದೆಯೇ, ಹಾಳುಮಾಡುವ ಸಾಧ್ಯತೆ ಇದೆಯೇ, ಮತ್ತೆ ಮತ್ತೆ ಕರೆದರೂ ಪರಿಣಾಮ ಒಂದೇ ಆಗಿರುತ್ತದೆಯೇ. ಸರಿಸುವ ಟೂಲ್‌ಗೆ ಮೊದಲನೆಯದೂ ಮೂರನೆಯದೂ ‘ಇಲ್ಲ’. ಇವು ಸೂಚನೆಗಳಷ್ಟೇ, ಬೀಗವಲ್ಲ. ಅನುಮತಿಸಿದ ಫೋಲ್ಡರ್‌ನಿಂದ ಹೊರಗೆ ಹೋಗದಂತೆ ತಡೆಯುವುದು ಕೋಡ್‌ನ ಕೆಲಸ.

ಎಲ್ಲವನ್ನೂ ಸೇರಿಸಿದರೆ

ವಿವರಣೆ ಏಜೆಂಟ್‌ನ ಕಾಂಟೆಕ್ಸ್ಟ್‌ನಲ್ಲಿ, ಅಂದರೆ ಅದು ಒಮ್ಮೆಗೆ ಓದಬಲ್ಲ ಪಠ್ಯದಲ್ಲಿ, ಜಾಗ ತಿನ್ನುತ್ತದೆ. ಆದ್ದರಿಂದ ಅಪಾಯ ಇರುವಲ್ಲಿ ಉದಾರವಾಗಿ, ಉಳಿದ ಕಡೆ ಬಿಗಿಯಾಗಿ ಬರೆಯಬೇಕು. ನಾನು ಈಗ ಬಳಸುತ್ತಿರುವುದು ಇದು:

‘ಒಂದು ಫೈಲ್ ಅಥವಾ ಫೋಲ್ಡರನ್ನು ಸರಿಸುತ್ತದೆ ಅಥವಾ ಅದರ ಹೆಸರು ಬದಲಾಯಿಸುತ್ತದೆ. “ಎಲ್ಲಿಗೆ” ಎಂಬಲ್ಲಿ ಹೊಸ ಹೆಸರೂ ಸೇರಿದ ಪೂರ್ತಿ ಪಾಥ್ ಕೊಡಬೇಕು. ಫೋಲ್ಡರ್‌ನ ಹೆಸರು ಮಾತ್ರ ಕೊಟ್ಟರೆ ಫೈಲ್ ಅದರ ಒಳಗೆ ಹೋಗುವುದಿಲ್ಲ. ಆ ಜಾಗದಲ್ಲಿ ಏನಾದರೂ ಇದ್ದರೆ ಕೆಲಸ ನಿಲ್ಲುತ್ತದೆ, ಯಾವುದರ ಮೇಲೂ ಬರೆಯುವುದಿಲ್ಲ. ನಡುವಿನ ಫೋಲ್ಡರ್‌ಗಳನ್ನು ಸೃಷ್ಟಿಸುವುದಿಲ್ಲ. ಒಂದು ಕರೆಗೆ ಒಂದೇ; ನಕ್ಷತ್ರ ಚಿಹ್ನೆ ಮತ್ತು ಅಲೆಗೆರೆ ನಡೆಯುವುದಿಲ್ಲ. ಬೇರೆ ಡಿಸ್ಕ್‌ಗೆ ಸರಿಸುವುದಿಲ್ಲ. ಎರಡೂ ಪಾಥ್‌ಗಳು ಅನುಮತಿಸಿದ ಫೋಲ್ಡರ್‌ನ ಒಳಗಿರಬೇಕು. ಸಾಂಕೇತಿಕ ಕೊಂಡಿಯಾದರೆ ಕೊಂಡಿಯೇ ಸರಿಯುತ್ತದೆ, ಅದು ತೋರಿಸುವ ಫೈಲಲ್ಲ. ಹೆಸರುಗಳನ್ನು ಪಟ್ಟಿ ಟೂಲ್ ಕೊಟ್ಟಂತೆಯೇ ಬಳಸಿ. ಕರೆ ಅರ್ಧಕ್ಕೆ ನಿಂತರೆ ಮತ್ತೆ ಕರೆಯುವ ಮೊದಲು ಎರಡೂ ಜಾಗಗಳನ್ನು ನೋಡಿ. ನಕಲು ಉಳಿಸಿಕೊಳ್ಳಬೇಕಿದ್ದರೆ ಈ ಟೂಲ್ ಬೇಡ, ನಕಲು ಟೂಲ್ ಬಳಸಿ. ಗೆದ್ದರೆ ಹೊಸ ಪೂರ್ತಿ ಪಾಥ್ ಮತ್ತು ಗಾತ್ರವನ್ನು ಹಿಂದಿರುಗಿಸುತ್ತದೆ.’

ಕನ್ನಡದಲ್ಲಿ ಬರೆದರೆ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಖರ್ಚಾಗುತ್ತದೆ ಎಂಬುದು ನಿಜ. ನಮ್ಮ ಗ್ರಂಥಾಲಯದ ಕೆಲಸದಲ್ಲಿ ಟೂಲನ್ನು ನೋಡಿಕೊಳ್ಳುವವರೂ ಇದನ್ನು ಓದಿ ತಿದ್ದಬೇಕಾಗಿತ್ತು, ಆದ್ದರಿಂದ ಕನ್ನಡವನ್ನೇ ಉಳಿಸಿಕೊಂಡೆ. ಕರೆಗಳ ಸಂಖ್ಯೆ ಬಹಳ ಇದ್ದರೆ ನೀವು ಬೇರೆ ತೀರ್ಮಾನ ಮಾಡಬಹುದು.

ಪರೀಕ್ಷೆ

ಬರೆದದ್ದನ್ನು ಮೊದಲು ಒಬ್ಬ ಮನುಷ್ಯರಿಗೆ ಓದಿ ಹೇಳಿ. ‘ಶುದ್ಧ ಎಂಬ ಫೋಲ್ಡರ್ ಇಲ್ಲದಿದ್ದರೆ ಏನಾಗುತ್ತದೆ?’ ಎಂದು ಕೇಳಿ. ಅವರು ತಡವರಿಸಿದರೆ ವಾಕ್ಯ ಸರಿಯಿಲ್ಲ. ಆಮೇಲೆ ಪ್ರಯೋಗದ ಫೋಲ್ಡರ್‌ನಲ್ಲಿ ಬೇಕೆಂದೇ ಗುಂಡಿಗಳನ್ನು ತೋಡಿ ಏಜೆಂಟನ್ನು ಬಿಡಿ: ಇಲ್ಲದ ಫೋಲ್ಡರ್, ಅದೇ ಹೆಸರಿನ ಇನ್ನೊಂದು ಫೈಲ್, ಬಿಡಿಸಿ ಬರೆದ ಏತ್ವದ ಹೆಸರು, ಅನುಮತಿಯಿಲ್ಲದ ಜಾಗ. ಕೊನೆಯಲ್ಲಿ ಅದು ಏನು ಹೇಳಿತು ಎಂಬುದನ್ನಷ್ಟೇ ನೋಡಬೇಡಿ, ಮಾಡಿದ ಕರೆಗಳ ದಾಖಲೆಯನ್ನು ಸಾಲು ಸಾಲಾಗಿ ಓದಿ. ಒಂದೇ ತಪ್ಪು ಕರೆ ಎರಡು ಸಲ ಕಂಡರೆ ಮಾಡೆಲನ್ನು ದೂರುವ ಮೊದಲು ವಿವರಣೆಯ ಯಾವ ಸಾಲು ಅದಕ್ಕೆ ದಾರಿ ಕೊಟ್ಟಿತು ಎಂದು ಹುಡುಕಿ. ಕೋಡ್ ಬದಲಾದಾಗಲೆಲ್ಲ ಈ ಪರೀಕ್ಷೆಯನ್ನು ಮತ್ತೆ ಓಡಿಸಿ.

ಎರಡನೆಯ ಸಲ ಸ್ಕ್ಯಾನ್ ಮಾಡಿದ ಪುಟಗಳನ್ನು ಈ ಹೊಸ ವಿವರಣೆಯೊಂದಿಗೆ ಏಜೆಂಟ್‌ಗೆ ಕೊಟ್ಟೆ. ಅದು ಮೊದಲು ಪಟ್ಟಿ ನೋಡಿತು, ‘ಶುದ್ಧ’ ಫೋಲ್ಡರನ್ನು ಸೃಷ್ಟಿಸಿತು, ಒಂದೊಂದೇ ಪುಟವನ್ನು ಅದರ ಹೆಸರಿನೊಂದಿಗೆ ಸರಿಸುತ್ತ ಹೋಯಿತು. 17ನೆಯ ಪುಟದ ಹತ್ತಿರ ನಿಂತಿತು. ಆ ಹಾಳೆ ಮಸುಕಾಗಿ ಬಂದಿತ್ತೆಂದು ನಾವು ಎರಡು ಸಲ ಸ್ಕ್ಯಾನ್ ಮಾಡಿ ಬೇರೆ ಬೇರೆ ಫೋಲ್ಡರ್‌ಗಳಲ್ಲಿ ಒಂದೇ ಹೆಸರಿನಿಂದ ಇಟ್ಟು ಮರೆತಿದ್ದೆವು. ಎರಡರ ಗಾತ್ರವನ್ನೂ ಸಮಯವನ್ನೂ ತೋರಿಸಿ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಅದು ಕೇಳಿತು.